ನಮ್ಮ ಅಂಗಡಿಯ ಇಂಗ್ಲಿಷ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಂಪನಿಯ ಪತ್ರ ನೀಲಿ ಲಕೋಟೆಯಲ್ಲಿ ಬಂದಿತ್ತೆಂದು ನನ್ನ ನೆನಪು; ಖಾಕಿ ಲಕೋಟೆ ಎಂದು ಅವ್ವ ಹೇಳುತ್ತಾಳೆ. ಬಾಗೇವಾಡಿಯ ಅಂಗಡಿಯವರು ನಮ್ಮ ಮನೆಗೆ ಬಂದು ಕೂಗಾಡಿದ್ದು ಸಂತೆಯ ದಿನ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಈಗ ದಿನಚರಿ ತೆಗೆದು ನೋಡಿದರೆ ಆ ವಾರದ ಪುಟಗಳಲ್ಲಿ ನನಗೆ ಜ್ವರ ಬಂದದ್ದು ಬಿಟ್ಟರೆ ಬೇರೇನೂ ಇಲ್ಲ. ಇದೆಲ್ಲ ಆಗಿ ಐದಾರು ವರ್ಷವಾಗಿರಬೇಕು, ಹೆಚ್ಚಿಲ್ಲ. ಅಷ್ಟಕ್ಕೇ ಹೀಗೆ ಕೈಕೊಡುವ ನೆನಪನ್ನು ಸಾಕ್ಷಿಗೆ ಕರೆಯುವುದು ಹೇಗೆ?

ಒಂದು ವಿಷಯ ಮಾತ್ರ ತಪ್ಪಲು ಸಾಧ್ಯವಿಲ್ಲ, ಏಕೆಂದರೆ ಆ ಕಂಪನಿಗೆ ನಾವು ಬರೆದ ಉತ್ತರದ ಕಾರ್ಬನ್ ಪ್ರತಿ ನನ್ನ ಟ್ರಂಕಿನಲ್ಲಿದೆ. ಅಕ್ಷರ ನನ್ನದು, ಇಂಗ್ಲಿಷ್ ನನ್ನದು. ಅದರ ಎರಡನೆಯ ವಾಕ್ಯ ಹೀಗಿದೆ: ವಿ ಹ್ಯಾವ್ ಥ್ರೀ ಬ್ರಾಂಚಸ್, ಎಟ್ ಸಿಂದಗಿ, ಮುದ್ದೇಬಿಹಾಳ ಆ್ಯಂಡ್ ಬಸವನ ಬಾಗೇವಾಡಿ. ನಮಗೆ ಮೂರು ಶಾಖೆಗಳಿವೆ, ಇಂಥಿಂಥ ಊರುಗಳಲ್ಲಿ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. 'ವಿ ಆರ್ ಹ್ಯಾವಿಂಗ್' ಎಂದು ಬರೆಯುವ ನಮ್ಮ ಕಡೆಯ ಚಟ ಕೂಡ ಇಲ್ಲ. ಅಲ್ಪವಿರಾಮ ಇರಬೇಕಾದಲ್ಲೇ ಇದೆ. ನನ್ನ ವಿದ್ಯಾರ್ಥಿ ಯಾರಾದರೂ ಇದನ್ನು ಬರೆದು ತಂದರೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಮುಂದೆ ಹೋಗುತ್ತೇನೆ. ಆದರೆ ಆ ವಾಕ್ಯದಲ್ಲಿರುವ ಮೂರು ಊರುಗಳ ಪೈಕಿ ನಿಜವಾದದ್ದು ಒಂದೇ. ಉಳಿದೆರಡು ಸುಳ್ಳು. ಅದರಲ್ಲಿ ಒಂದು ಸುಳ್ಳು ಕೆಲವೇ ತಿಂಗಳಲ್ಲಿ ತಿದ್ದುಪಡಿಯಾಯಿತು. ಇನ್ನೊಂದು ನಮ್ಮ ಅತ್ತಿಯ ಅಂಗಡಿಯನ್ನು ನುಂಗಿತು.

ಇಂಡಿ ಊರಿನ ಪ್ಯಾಟಿಯಲ್ಲಿ ನಮ್ಮದು ಬಾಂಡೆ ಅಂಗಡಿ, ಅಂದರೆ ಪಾತ್ರೆಗಳದು. ಅಜ್ಜನ ಕಾಲಕ್ಕೆ ಹಿತ್ತಾಳೆ, ತಾಮ್ರ ಮಾರುತ್ತಿದ್ದರು. ಅಪ್ಪನ ಕಾಲಕ್ಕೆ ಸ್ಟೀಲು ಬಂತು. ಕಲಾಯಿ ಬೇಡ, ಹುಣಸೆಹಣ್ಣು ಹಚ್ಚಿ ತಿಕ್ಕಬೇಕಾಗಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತದೆ. ಮದುವೆಗೆ ಕೊಡುವ ಬಾಂಡೆಯಲ್ಲಿ ಸ್ಟೀಲು ಇಲ್ಲದಿದ್ದರೆ ಬೀಗರ ಮುಖ ಸಣ್ಣದಾಗುವ ಕಾಲ ಅದು. ಮಾಲು ಸೊಲ್ಲಾಪುರದಿಂದ ಲಾರಿಯಲ್ಲಿ ಬಂದು ಝಳಕಿಯಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಬಸ್ಸಿನ ಟಪ್ಪಿನ ಮೇಲೆ ಇಂಡಿಗೆ.

ಇಂಡಿಯ ಹೊರಗೆ ಇನ್ನೂ ಮೂರು ಅಂಗಡಿಗಳು ನಮ್ಮ ಮನೆಯ ಮಾತಿನಲ್ಲಿ ಓಡಾಡುತ್ತಿದ್ದವು. ಸಿಂದಗಿಯದು ಕಾಕಾ, ಅಂದರೆ ಅಪ್ಪನ ತಮ್ಮ, ಕೂಡುತ್ತಿದ್ದ ಅಂಗಡಿ. ಅಲ್ಲಿನ ಮಾಲು ಇಂಡಿಯದು, ಬಾಡಿಗೆ ಇಂಡಿಯದು, ಬೋರ್ಡು ಇಂಡಿಯದು. ಗಿರಾಕಿ ಕೂಡಲು ಒಂದು ಮರದ ಬಾಕು ಮಾಡಿಸಬೇಕಾದರೂ ಕಾಕಾ ಬಸ್ಸು ಹತ್ತಿ ಬಂದು ಅಪ್ಪನನ್ನು ಕೇಳುತ್ತಿದ್ದ. ಬಾಗೇವಾಡಿಯವರು ನಮಗೆ ನೆಂಟರೂ ಅಲ್ಲ, ಬಳಗವೂ ಅಲ್ಲ. ಅವರದು ಅವರ ತಂದೆಯ ಹೆಸರಿನ ಸ್ವಂತ ಅಂಗಡಿ. ನಮ್ಮಿಂದ ಸಗಟಿಗೆ ಮಾಲು ಒಯ್ಯುತ್ತಿದ್ದರು, ಅಷ್ಟೆ. ಮುದ್ದೇಬಿಹಾಳದ್ದು ನಮ್ಮ ಅತ್ತಿಯ ಅಂಗಡಿ.

ಅತ್ತಿ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅವನು ನಡೆಸುತ್ತಿದ್ದ ಬಾಂಡೆ ಅಂಗಡಿಯನ್ನು ಮುಚ್ಚದೆ ತಾನೇ ಗಾದಿಯ ಮೇಲೆ ಕೂತವಳು. ಅವಳು ಕಲಿತದ್ದು ಕನ್ನಡ ನಾಲ್ಕನೆಯ ಇಯತ್ತೆ. ಆದರೆ ಬಾಂಡೆಯ ಮೇಲೆ ಹೆಸರು ಕೊರೆಯುವುದರಲ್ಲಿ ನಾಲ್ಕೂ ತಾಲೂಕುಗಳಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಣ್ಣ ಉಳಿ, ಅದಕ್ಕಿಂತ ಸಣ್ಣ ಸುತ್ತಿಗೆ. ಕೊಡವನ್ನು ತೊಡೆಗಳ ನಡುವೆ ಹಿಡಿದು ಟಕ್ ಟಕ್ ಎಂದು ಚುಕ್ಕೆಗೆ ಚುಕ್ಕೆ ಸೇರಿಸಿ ಅಕ್ಷರ ಎಬ್ಬಿಸುತ್ತಿದ್ದಳು. ಯಾರಿಂದ ಯಾರಿಗೆ, ಯಾವ ಊರಿನಿಂದ, ಯಾರ ಲಗ್ನದಲ್ಲಿ. ನಮ್ಮ ಕಡೆ ಬಾಂಡೆಯ ಮೇಲೆ ಹೆಸರಿದ್ದರೆ ಅದು ಹೆಂಗಸಿನ ಸೊತ್ತು. ಅತ್ತೆಮನೆಯವರು ಅದನ್ನು ಬೇರೆ ಯಾರಿಗೂ ಎತ್ತಿ ಕೊಡುವ ಹಾಗಿಲ್ಲ.

ಒಬ್ಬರು ಚರಗಿ, ಅಂದರೆ ತಂಬಿಗೆ, ಕೊಂಡು ಇಡೀ ಮನೆತನದ ಹೆಸರು ಬರೆಯಿರಿ ಎಂದದ್ದು ನನಗೆ ನೆನಪಿದೆ. ಅತ್ತಿ ಚರಗಿಯನ್ನು ಒಮ್ಮೆ ತಿರುಗಿಸಿ ನೋಡಿ ಹೇಳಿದಳು: "ಯಜಮಾನ್ರ, ನಿಮ್ಮ ಹೆಸರು ಕೊಡದಂಥಾದ್ದು, ಚರಗಿಗೆ ಹಿಡ್ಯಾಂಗಿಲ್ಲ. ಕೊಡಾನ ತಗೋರಿ, ನಿಮ್ಮ ಮುತ್ತಜ್ಜನ್ನೂ ಕೂಡಸ್ತೇನಿ." ಅವರು ನಗುತ್ತ ಕೊಡವನ್ನೇ ಕೊಂಡರು.

ನಮ್ಮ ಮನೆಯಲ್ಲಿ ಈ ಮೂರೂ ಅಂಗಡಿಗಳಿಗೆ ಇದ್ದದ್ದು ಒಂದೇ ಮಾತು: ನಮ್ಮ ಅಂಗಡಿ. ನಮ್ಮ ಸಿಂದಗಿ ಅಂಗಡಿ, ನಮ್ಮ ಬಾಗೇವಾಡಿ ಅಂಗಡಿ, ನಮ್ಮ ಮುದ್ದೇಬಿಹಾಳ ಅಂಗಡಿ. ಅತ್ತಿಯೂ ಅಷ್ಟೆ, ತನ್ನೂರಲ್ಲಿ ಕೂತು "ನಮ್ಮ ಇಂಡಿ ಅಂಗಡಿ" ಎನ್ನುತ್ತಿದ್ದಳು. ಹಾಗೆಂದಾಗ ಇಂಡಿಯ ಅಂಗಡಿ ತನ್ನದೆಂದು ಅವಳ ಮನಸ್ಸಿನಲ್ಲಿರಲಿಲ್ಲ, ನಮ್ಮ ಮನಸ್ಸಿನಲ್ಲಿಯೂ ಇರಲಿಲ್ಲ. ನಮ್ಮ ಬಸ್ಸು, ನಮ್ಮ ಡಾಕ್ಟರು, ನಮ್ಮ ಓಣಿ ಅನ್ನುತ್ತೇವಲ್ಲ, ಹಾಗೆ. ಕನ್ನಡದಲ್ಲಿ ಅದು ಯಾರಿಗೂ ಏನೂ ಮಾಡದ ಮಾತು.

ನಾನು ಧಾರವಾಡದಿಂದ ಇಂಗ್ಲಿಷ್ ಎಂ.ಎ. ಮುಗಿಸಿಕೊಂಡು ಮನೆಗೆ ಬಂದ ವರ್ಷ, ಮುಂಬಯಿಯ ಸ್ಟೀಲ್ ಕಂಪನಿಯೊಂದು ಅಪ್ಪನಿಗೆ ಪತ್ರ ಬರೆಯಿತು. ನಡುವಿನವರನ್ನು ಬಿಟ್ಟು ನಿಮಗೇ ನೇರ ಮಾಲು ಕೊಡಬೇಕೆಂದಿದ್ದೇವೆ, ನಿಮ್ಮ ವ್ಯಾಪಾರ ಎಲ್ಲೆಲ್ಲಿ ಹಬ್ಬಿದೆ, ವಿವರ ತಿಳಿಸಿ ಎಂದು. ಊರಲ್ಲಿ ಆಗ ಔಷಧಿ ಬಾಟಲಿಯ ಚೀಟಿಯಿಂದ ಹಿಡಿದು ಟೆಲಿಗ್ರಾಂವರೆಗೆ ಇಂಗ್ಲಿಷಿನ ಕಾಗದವೆಲ್ಲ ನನ್ನ ಮುಂದೆ ಬರುತ್ತಿತ್ತು. ಇದೂ ಬಂತು.

"ಇಲ್ಲೆ ಫರ್ನಿಶ್ ಅಂತ ಬರದಾರಲ್ಲ," ಎಂದ ಅಪ್ಪ. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು. "ಅಂಗಡ್ಯಾಗ ಎಷ್ಟ ಕುರ್ಚಿ ಅದಾವ ಅಂತ ಕೇಳ್ಯಾರೇನು?"

"ಅಲ್ಲಪ್ಪಾ, ವಿವರಾ ಕೊಡ್ರಿ ಅಂತ ಕೇಳ್ಯಾರ."

"ಹಂಗಾದ್ರ ಕೊಡು. ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಮೂರೂ ನಮ್ಮ ಅಂಗಡಿ ಅಂತ ಬರಿ."

"ಅತ್ತಿದು ಅತ್ತಿದಲ್ಲೇನು?"

"ಅತ್ತಿ ಯಾರಾಕಿ?"

"ನಮ್ಮಾಕಿ."

"ಮತ್ತ?"

ಆ 'ಮತ್ತ'ಕ್ಕೆ ಕನ್ನಡದಲ್ಲಿ ಉತ್ತರವಿರಲಿಲ್ಲ. ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ವ್ಯಾಪಾರದ ಭಾಷೆ, 'ನಮ್ಮ' ಎಂದರೆ ಯಾರ ಸ್ವತ್ತು ಎಂದು ತಕ್ಷಣ ಕೇಳುತ್ತದೆ. ಮಾಲಕ ಒಬ್ಬನೇ ಆಗಿ ಊರು ಬೇರೆಯಾದರೆ ಬ್ರಾಂಚ್. ಮಾಲಕ ಬೇರೆ, ಮಾಲು ಮಾತ್ರ ನಮ್ಮಿಂದ ಕೊಂಡು ಮಾರುವವನಾದರೆ ಡೀಲರ್. ನಮ್ಮ ಪರವಾಗಿ ಮಾರುವವನು ಏಜೆಂಟ್. ಸಿಂದಗಿ ಬ್ರಾಂಚ್, ಬಾಗೇವಾಡಿ ಡೀಲರ್, ಮುದ್ದೇಬಿಹಾಳವೂ ಡೀಲರ್. ಎರಡು ಸಾಲಿನ ಕೆಲಸ ಅದು.

ನನ್ನ ಮೊದಲ ಕರಡು ಸರಿಯಾಗಿಯೇ ಇತ್ತು ಎಂದು ನಾನು ಹೇಳಿಕೊಳ್ಳುತ್ತ ಬಂದಿದ್ದೇನೆ. ಸಿಂದಗಿಯಲ್ಲಿ ಒಂದು ಬ್ರಾಂಚ್, ಉಳಿದೆರಡು ಊರುಗಳಲ್ಲಿ ನಮ್ಮಿಂದ ಕೊಳ್ಳುವ ಅಂಗಡಿಗಳು ಎಂದು ಬರೆದಿದ್ದೆನಂತೆ. ಅದು ಉದ್ದವಾಗಿ, ಕುಂಟುತ್ತ ಹೋಗುವ ವಾಕ್ಯವಾಗಿತ್ತಂತೆ. ಚಿಕ್ಕ ವಾಕ್ಯವೇ ಒಳ್ಳೆಯ ವಾಕ್ಯ ಎಂದು ಧಾರವಾಡದಲ್ಲಿ ನಮಗೆ ಕಲಿಸಿದ್ದರು. 'ಥ್ರೀ ಬ್ರಾಂಚಸ್' ಎಂದರೆ ಕಿವಿಗೂ ಚೆಂದ. ಹೀಗೆ ನಾನು ಕಟ್ಟಿಕೊಂಡ ಕಥೆಯಲ್ಲಿ ತಪ್ಪು ನನ್ನ ಸೊಗಸಿನ ಹುಚ್ಚಿನದು, ಅಪ್ಪನದಲ್ಲ. ಆದರೆ ಆ ಕರಡು ನನ್ನ ಬಳಿ ಇಲ್ಲ. ಇತ್ತೋ, ನಾನೇ ನಂತರ ಹುಟ್ಟಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಪಂಚಮಿಗೆ ಅತ್ತಿ ತವರಿಗೆ ಬಂದಿದ್ದಾಗಲೇ ಈ ಪತ್ರದ ಕೆಲಸ ನಡೆದದ್ದು. ಇದು ಮಾತ್ರ ಖಚಿತ, ಯಾಕೆಂದರೆ ಕಾರ್ಬನ್ ಪ್ರತಿಯ ಅಂಚಿಗೆ ಉಂಡಿಯ ಬೆಲ್ಲದ ಕಲೆಯಿದೆ. ಅವ್ವ ಮತ್ತು ಅತ್ತಿ ಪಡಸಾಲೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದರು. ನಾನು ಅವರ ಪಕ್ಕದಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ತೆರೆದುಕೊಂಡು ಕೂತಿದ್ದೆ. ಔಟ್‌ಲೆಟ್ ಎಂಬ ಶಬ್ದ ಹಾಕಲೇ ಎಂದು ನೋಡಿದರೆ ನಿಘಂಟು 'ನೀರು ಹೊರಹೋಗುವ ದಾರಿ' ಎಂದಿತ್ತು. ಜೋರಾಗಿ ಓದಿದೆ.

"ಮೋರಿ ಅನ್ನು!" ಎಂದಳು ಅತ್ತಿ. "ನನ್ನ ಅಂಗಡಿನ ಮೋರಿ ಮಾಡಿಗೀಡೀಯವ್ವಾ. ಆಮ್ಯಾಲ ಮುದ್ದೇಬಿಹಾಳದ ಮಂದಿ ಬಾಂಡೆ ಕೊಳ್ಳಾಕ ಬರೂದಿಲ್ಲ, ತೊಳಿಯಾಕ ಬರ್ತಾರ."

ಅವ್ವ ನಕ್ಕು ನಕ್ಕು ಕೈಯಲ್ಲಿದ್ದ ಉಂಡಿ ಪುಡಿ ಮಾಡಿಕೊಂಡಳು.

"ಮತ್ತ ನನ್ನ ಅಂಗಡಿಗೆ ಏನಂತ ಬರದಿ?" ಎಂದು ಕೇಳಿದಳು ಅತ್ತಿ.

"ಬ್ರಾಂಚ್."

"ಹಂಗಂದ್ರ?"

ನಾನು ನಿಘಂಟಿನ ಮೊದಲ ಅರ್ಥ ಹೇಳಿದೆ. "ಟೊಂಗಿ."

ಅತ್ತಿ ಕೈ ನಿಲ್ಲಿಸಿದಳು. "ತವರಮನಿ ಗಿಡದ ಟೊಂಗಿ," ಎಂದಳು, ಮೆಲ್ಲಗೆ. ನಂತರ ಅವ್ವನ ಕಡೆ ತಿರುಗಿ, "ಕೇಳಿದ್ಯಾ ವೈನೀ, ಎಷ್ಟ ಚಂದ ಬರದಾಳ ನಿನ್ನ ಮಗಳು. ಕಲತಾಕಿ ಕಲತಾಕಿನ ನೋಡು."

ನನಗೆ ಈಗಲೂ ಸಿಟ್ಟು ಬರುವುದು ಇಲ್ಲಿ. ಅಪ್ಪನ ಮೇಲಲ್ಲ, ಕಂಪನಿಯ ಮೇಲಲ್ಲ, ನಿಘಂಟು ಮಡಚಿಟ್ಟು ಹೊಗಳಿಕೆ ಕೇಳಿಸಿಕೊಂಡು ಕೂತ ಆ ಎಂ.ಎ. ಹುಡುಗಿಯ ಮೇಲೆ. ಟೊಂಗಿ ಎಂಬ ಅರ್ಥದ ಕೆಳಗೆ, ಒಡೆಯನ ಕೈಕೆಳಗಿನ ಶಾಖೆ ಎಂಬ ಎರಡನೆಯ ಅರ್ಥವೂ ಇತ್ತು. ಅದನ್ನು ಓದಲು ನನಗೆ ಕಣ್ಣಿರಲಿಲ್ಲವೇ? ಒಂದು ಶಬ್ದಕ್ಕೆ ಎರಡು ಅರ್ಥವಿದ್ದಾಗ, ಕೇಳುವವಳಿಗೆ ಹಿತವಾದದ್ದನ್ನು ಅವಳಿಗೆ ಹೇಳಿ, ಕಾಗದಕ್ಕೆ ಇನ್ನೊಂದನ್ನು ಕೊಟ್ಟು ಕಳಿಸುವುದಕ್ಕೆ ಏನೆನ್ನುತ್ತಾರೆ? ಭಾಷಾಜ್ಞಾನ ಎನ್ನುವುದಿಲ್ಲ.

ದೀಪಾವಳಿ ಕಳೆದ ಮೇಲೆ ಕಂಪನಿಯಿಂದ ದಪ್ಪ ಕಾಗದದ ಪ್ರಮಾಣಪತ್ರ ಬಂತು. ಮೇಲೆ ಇಂಡಿಯ ಅಂಗಡಿಯ ಹೆಸರು, ಕೆಳಗೆ 'ಬ್ರಾಂಚಸ್' ಎಂದು ಮೂರು ಊರುಗಳು, ಬಂಗಾರದ ಬಣ್ಣದ ಅಂಚು. ಅಪ್ಪ ಅದಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದಿನ ಗೋಡೆಗೆ ತೂಗುಹಾಕಿದ. ಮಾಲು ಒಯ್ಯಲು ಬಂದ ಬಾಗೇವಾಡಿಯವರು ಅದನ್ನು ನೋಡಿದರು. ಮ್ಯಾಟ್ರಿಕ್ ಆದವರು ಅವರು, ಇಂಗ್ಲಿಷ್ ಓದಬಲ್ಲವರು. ಅಂಗಡಿಯಲ್ಲಿ ಕೂಗಾಡಿದ್ದು ಸಾಲದೆಂದು ಮನೆಯವರೆಗೂ ಬಂದರು.

"ಸಾಹುಕಾರ್ರ, ನಾ ನಿಮ್ಮ ಬ್ರಾಂಚ್ ಯಾವಾಗ ಆದ್ನಿರಿ? ನಮ್ಮಪ್ಪ ಕಟ್ಟಿಸಿದ ಅಂಗಡಿಗೆ ನೀವು ಮಾಲಕ್ರು ಆಗಿ, ನಾ ನಿಮ್ಮ ಸಂಬಳದ ಆಳಾಗಿ ಬಿಟ್ನಿ ನೋಡ್ರಿ, ಮುಂಬಯಿಯವರ ಕಾಗದದೊಳಗ!"

"ಬರದಾಕಿ ಹುಡುಗಿ, ಗೊತ್ತಾಗಿಲ್ಲ ಬಿಡ್ರಿ," ಎಂದ ಅಪ್ಪ.

ಹುಡುಗಿ ಬಾಗಿಲ ಹಿಂದೆಯೇ ನಿಂತಿದ್ದಳು. ಆ ದಿನವೇ ಅಪ್ಪ ನನ್ನನ್ನು ಕೂಡಿಸಿ ತಿದ್ದುಪಡಿ ಪತ್ರ ಬರೆಸಿದ. ಬಾಗೇವಾಡಿ ನಮ್ಮ ಬ್ರಾಂಚ್ ಅಲ್ಲ, ಸ್ವತಂತ್ರ ಡೀಲರ್ ಎಂದು ದಯವಿಟ್ಟು ಓದಿಕೊಳ್ಳಬೇಕು. ಎರಡೇ ಸಾಲು. ಪೆನ್ನು ಇನ್ನೂ ಕೈಯಲ್ಲಿರುವಾಗ ನಾನು ಕೇಳಿದೆ: "ಅತ್ತಿದೂ ಸೇರಸ್ಲೇನು?"

"ಅವರು ಹೊರಗಿನವರು, ಬಾಯಿ ಮಾಡ್ತಾರ. ಅಕಿ ನಮ್ಮಾಕಿ."

ನಾನು ಸೇರಿಸಲಿಲ್ಲ. ಮೂರನೆಯ ಸಾಲಿಗೆ ಕಾಗದದಲ್ಲಿ ಜಾಗವಿತ್ತು. ಶಾಯಿಯಿತ್ತು. ಇಂಗ್ಲಿಷೂ ಇತ್ತು. ಮೊದಲ ಪತ್ರಕ್ಕೆ ಸೊಗಸಿನ ಹುಚ್ಚು ಎಂದು ನೆಪ ಹೇಳಬಹುದು. ಈ ಎರಡನೆಯದಕ್ಕೆ ಏನು ಹೇಳಲಿ?

ಆಮೇಲೆ ಆದದ್ದನ್ನು ಹೇಳಲು ಹೆಚ್ಚು ಮಾತು ಬೇಕಿಲ್ಲ. ನಡುವಿನ ವ್ಯಾಪಾರಿಗಳನ್ನು ಕಂಪನಿ ಬಿಟ್ಟದ್ದರಿಂದ ನಾಲ್ಕು ತಾಲೂಕುಗಳ ಮಾಲು ಇಂಡಿಗೇ ಬಂದು, ಇಂಡಿಯಿಂದ ಹಂಚಿಕೆಯಾಗತೊಡಗಿತು. ಬಾಗೇವಾಡಿಯವರು ಡೀಲರ್ ಆದ್ದರಿಂದ ತಾವು ಬೇಕೆಂದದ್ದನ್ನೇ ಪಡೆಯುತ್ತಿದ್ದರು. ಬ್ರಾಂಚುಗಳಿಗೆ ಇಂಡಿ ಕಳಿಸಿದ್ದೇ ಮಾಲು. ಲಗ್ನದ ದಿನಗಳಿಗೆ ಕೊಡ ಬೇಕು ಎಂದು ಅತ್ತಿ ಹೇಳಿ ಕಳಿಸಿದರೆ, ಇಂಡಿಯಲ್ಲಿ ಖರ್ಚಾಗದೆ ಉಳಿದ ಸಾಬೂನಿನ ಡಬ್ಬಿಗಳು ಹೋಗುತ್ತಿದ್ದವು. ಊಟದ ಗಂಗಾಳ ಕೇಳಿದರೆ ಚಹಾ ಸೋಸುವ ಜಾಳಿಗೆ. "ಮದಿಮಗಳಿಗೆ ಸಾಬೂನಿನ ಡಬ್ಬಿ ಮ್ಯಾಲ ಏನಂತ ಕೊರೀಲಿ, ಸ್ವಚ್ಛಾಗಿ ಬಾಳವ್ವಾ ಅಂತೇನು?" ಎಂದು ಅತ್ತಿ ಕಾಕಾನ ಮುಂದೆ ಹೇಳಿದ್ದಳಂತೆ. ಕಾಕಾ ಅದನ್ನು ನಮ್ಮ ಮನೆಯಲ್ಲಿ ತಮಾಷೆಯಾಗಿ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಕೊನೆಗೆ ಅತ್ತಿ ತನ್ನ ಊರಿನ ಮಾಸ್ತರರೊಬ್ಬರಿಂದ ಇಂಗ್ಲಿಷಿನಲ್ಲಿ ಬರೆಸಿ ಕಂಪನಿಗೆ ನೇರವಾಗಿ ಪತ್ರ ಹಾಕಿದಳು: ನನ್ನದು ಸ್ವಂತ ಅಂಗಡಿ, ನನ್ನ ಹೆಸರಿಗೇ ಮಾಲು ಕೊಡಿ ಎಂದು. ಅದಕ್ಕೆ ಬಂದ ಉತ್ತರವನ್ನು ಸೀರೆಯ ಸೆರಗಿನಲ್ಲಿ ಮಡಚಿಟ್ಟುಕೊಂಡು, ಹಬ್ಬವಿಲ್ಲದ ಹೊತ್ತಿನಲ್ಲಿ, ಬಾಗೇವಾಡಿ, ಬಿಜಾಪುರ ಎಂದು ಬಸ್ಸು ಬದಲಿಸುತ್ತ ಇಂಡಿಗೆ ಬಂದಳು. ನೇರ ನನ್ನ ಬಳಿಗೇ ಬಂದಳು.

"ಓದವಾ," ಎಂದಳು. "ಮಾಸ್ತರು ಓದಿ ಹೇಳ್ಯಾರ. ಆದ್ರ ಅವರು ಹೇಳಿದ್ದು ನಂಬಾಕ ನನ್ನ ಮನಸು ಒಪ್ಪವಲ್ದು. ನೀ ಓದಿ ಹೇಳು."

ಓದಿದೆ. ತಮ್ಮ ಅಂಗಡಿಯು ಇಂಡಿಯ ಅಂಗಡಿಯ ಬ್ರಾಂಚ್ ಎಂದು ಆ ಅಂಗಡಿಯವರೇ ಲಿಖಿತವಾಗಿ ತಿಳಿಸಿದ್ದಾರೆ. ಬ್ರಾಂಚಿಗೆ ಬೇರೆಯಾಗಿ ಮಾಲು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ದಯವಿಟ್ಟು ತಮ್ಮ ಹೆಡ್ ಆಫೀಸನ್ನು ಸಂಪರ್ಕಿಸಬೇಕು. ಇದರ ಕೆಳಗೆ ನಮ್ಮ ಪತ್ರದ ವಾಕ್ಯವನ್ನೇ ಎತ್ತಿ ಟೈಪ್ ಮಾಡಿದ್ದರು. ಥ್ರೀ ಬ್ರಾಂಚಸ್. ನನ್ನ ಅಲ್ಪವಿರಾಮ ಕೂಡ ಹಾಗೆಯೇ ಇತ್ತು.

ಮುಂಬಯಿಯಲ್ಲಿ ಕೂತ ಒಬ್ಬ ಗುಮಾಸ್ತ, ಅಂಗಡಿ ನಡೆಸುವ ಹೆಂಗಸು ಇದು ನನ್ನದು ಎಂದರೆ ನಂಬುವುದಿಲ್ಲ. ಆ ಅಂಗಡಿಯ ಗಾದಿಯ ಮೇಲೆ ಒಂದು ದಿನವೂ ಕೂರದ ಹುಡುಗಿಯೊಬ್ಬಳು ಎಲ್ಲೋ ಕೂತು ಒಳ್ಳೆಯ ಇಂಗ್ಲಿಷಿನಲ್ಲಿ ಅವಳದಲ್ಲ ಎಂದರೆ ನಂಬುತ್ತಾನೆ. ಮಾಸ್ತರರ ಇಂಗ್ಲಿಷಿನಲ್ಲಿ ತಪ್ಪುಗಳಿದ್ದವೇನೋ. ನನ್ನದರಲ್ಲಿ ಇರಲಿಲ್ಲ.

"ಇಂಡಿಯವರು ಬರದಾರಂತಲ್ಲ," ಎಂದಳು ಅತ್ತಿ. "ನಮ್ಮ ಮನ್ಯಾಗ ಇಂಗ್ಲಿಷ್ ಬರಿಯವರು ಯಾರವಾ?"

"ನಾನ, ಅತ್ತಿ."

"ಟೊಂಗಿ ಅಂದಿದ್ದಿ."

"ಅಂದಿದ್ದೆ."

"ಟೊಂಗಿ ಕಡಿಯೂದು ಗಿಡದವರ ಕೈಯಾಗ ಇರತೈತಿ ಅಂತ ಹೇಳಿರಲಿಲ್ಲ."

ಅವಳು ಅಳಲಿಲ್ಲ. ಕಣ್ಣೀರು ಹಾಕಿದ್ದರೆ ನನಗೆ ಸಲೀಸಾಗುತ್ತಿತ್ತು. ಕಾಗದವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ, ಅಂಗಡಿಯಿಂದ ಊಟಕ್ಕೆ ಬಂದ ಅಪ್ಪನ ಎದುರಿಗೆ ಕೂತಳು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಸಿಟ್ಟಾಗಲಿಲ್ಲ. ಅವನ ದನಿ ಎಷ್ಟು ಮೃದುವಾಗಿತ್ತೆಂದರೆ ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

"ತಂಗಿ, ಯಾರರ ಹೊರಗಿನವರು ಕಸಗೊಂಡಾರೇನು? ನಮ್ಮ ನಮ್ಮೊಳಗ ಐತಿ. ಎಷ್ಟಂತ ದುಡೀತಿ ಒಬ್ಬಾಕಿನ. ಒಬ್ಬ ಮನಷ್ಯಾನ್ನ ಕಳಸ್ತೇನಿ, ಅಂವ ನಡಸ್ತಾನ. ನೀ ಆರಾಮ ಮನ್ಯಾಗಿರು."

"ಅಣ್ಣಾ," ಎಂದಳು ಅತ್ತಿ, "ಬಾಗೇವಾಡಿಯವರು ಹೊರಗಿನವರು, ಅದಕ್ಕ ಅವರ ಅಂಗಡಿ ಅವರಿಗೆ ಉಳೀತು. ನಾ ಒಳಗಿನಾಕಿ, ಅದಕ್ಕ ನಂದು ಹೋತು. ಹೌದಲ್ಲೋ?"

"ಒಂದು ಶಬ್ದಕ್ಕ ಇಷ್ಟ್ಯಾಕ ಮಾತು," ಎಂದ ಅಪ್ಪ.

ಈ ಮಾತನ್ನು ನಮ್ಮ ಬಂಧುಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಒಂದು ಶಬ್ದಕ್ಕೆ ಇಷ್ಟ್ಯಾಕೆ. ಅಂಗಡಿಯ ಕಟ್ಟಡದ ಮಾಲಕರಿಗೆ ಅಪ್ಪ ಆ ಚೌಕಟ್ಟಿನ ಪ್ರಮಾಣಪತ್ರವನ್ನೇ ಒಯ್ದು ತೋರಿಸಿ, ಬಾಡಿಗೆಯ ಕಾಗದವನ್ನು ಇಂಡಿಯ ಅಂಗಡಿಯ ಹೆಸರಿಗೆ ಮಾಡಿಸಿಕೊಂಡಾಗ ಯಾರೂ ಹಾಗೆನ್ನಲಿಲ್ಲ. ಕಾಕಾನ ಹೆಂಡತಿಯ ತಮ್ಮ ಮುದ್ದೇಬಿಹಾಳದ ಗಾದಿಯ ಮೇಲೆ ಕೂತಾಗಲೂ ಅನ್ನಲಿಲ್ಲ. ಬರೆದುಕೊಡುವಾಗ ಶಬ್ದ ಹಗುರ. ತಿದ್ದು ಎಂದರೆ ಮಾತ್ರ ಮನೆತನದ ಮಾನದಷ್ಟು ಭಾರ. ನಾನು ಕಂಪನಿಗೆ ಇನ್ನೊಂದು ತಿದ್ದುಪಡಿ ಪತ್ರ ಬರೆದೆ, ಅಪ್ಪನಿಗೆ ಹೇಳದೆ. ತಮ್ಮ ಅಂಗಡಿಯ ಮಾಲಕರ ಸಹಿ ಇಲ್ಲದ್ದರಿಂದ ಪರಿಗಣಿಸಲಾಗದು ಎಂದು ಉತ್ತರ ಬಂತು. ಮೊದಲಿನ ಪತ್ರಕ್ಕೆ ಸಹಿ ಅಪ್ಪನದಿತ್ತು. ನನ್ನದು ಬರೀ ಭಾಷೆ.

ಅತ್ತಿ ಅಂಗಡಿಯಿಂದ ತಂದದ್ದು ಉಳಿ, ಸುತ್ತಿಗೆ ಎರಡೇ. ಈಗ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹೆಸರು ಕೊರೆಯುತ್ತಾಳೆ. ನಮ್ಮ ಬ್ರಾಂಚಿನಲ್ಲಿ ಬಾಂಡೆ ಕೊಂಡವರು ಹೆಸರು ಹಾಕಿಸಲು ಅವಳ ಕಟ್ಟೆಗೇ ಬರುತ್ತಾರೆ, ಏಕೆಂದರೆ ಗಾದಿಯ ಮೇಲೆ ಕೂತ ಆ ಮನುಷ್ಯನಿಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ. ಒಮ್ಮೆ ನಾನು ಹೋಗಿದ್ದಾಗ ಮಾತಾಡಿಸಿದಳು, ಉಣ್ಣಲು ಹಾಕಿದಳು. ನನ್ನ ಓದಿನ ಬಗ್ಗೆ ಮಾತ್ರ ಏನೂ ಕೇಳಲಿಲ್ಲ. ಮೊದಲು ಯಾವಾಗಲೂ ಕೇಳುತ್ತಿದ್ದಳು.

ನಾನು ಈಗ ಬಿಜಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವಾಣಿಜ್ಯದ ಹುಡುಗರಿಗೆ ವ್ಯಾಪಾರದ ಪತ್ರ ಬರೆಯುವುದೂ ಅದರಲ್ಲಿ ಸೇರಿದೆ. ಬ್ರಾಂಚ್, ಡೀಲರ್, ಏಜೆಂಟ್ ಎಂದು ಹಲಗೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ 'ಮಾಲಕರು ಯಾರು?' ಎಂದು ಕನ್ನಡದಲ್ಲಿ ಬರೆಯುತ್ತೇನೆ. ಇಂಗ್ಲಿಷ್ ತಾಸಿನಲ್ಲಿ ಕನ್ನಡ ನೋಡಿ ಹುಡುಗರು ನಗುತ್ತಾರೆ. "ನಮ್ಮ ಅಂಗಡಿ ಅನ್ನೂದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ್ರಿ ಮೇಡಂ?" ಎಂದು ಒಬ್ಬ ಕೇಳಿದ, ಸಿಂದಗಿಯ ಕಡೆಯವನು. ಹಾಗಂದರೆ ಏನೆಂದು ಮೊದಲು ನೀನು ಹೇಳು ಎಂದೆ. ನನ್ನ ದನಿ ಏರಿತ್ತೆಂದು ಕಾಣುತ್ತದೆ, ಅವನು ಕುಳಿತುಬಿಟ್ಟ. ಪಾಪ, ಅವನ ಮೇಲೆ ಸಿಟ್ಟಾಗುವುದಕ್ಕೆ ಏನೂ ಇರಲಿಲ್ಲ.

ಅಂಗಡಿ ಹೋದ ಮರುವರ್ಷದ ಪಂಚಮಿಗೆ ಅತ್ತಿ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಒಂದು ಸ್ಟೀಲಿನ ಚರಗಿಯನ್ನು ಕಾಕಾನ ಕೈಯಲ್ಲಿ ಕಳಿಸಿದಳು. ಅದರ ಹೊಟ್ಟೆಯ ಮೇಲೆ ಯಾರಿಂದ, ಯಾರಿಗೆ ಎಂಬುದು ಯಾವುದೂ ಇರಲಿಲ್ಲ. ಆರು ಇಂಗ್ಲಿಷ್ ಅಕ್ಷರಗಳಿದ್ದವು. ಇಂಗ್ಲಿಷ್ ಬಾರದ ಅತ್ತಿ, ಕಂಪನಿಯ ಪತ್ರವನ್ನು ಎದುರಿಗಿಟ್ಟುಕೊಂಡು, ರಂಗೋಲಿ ನೋಡಿ ಹಾಕುವಂತೆ ಒಂದೊಂದೇ ಅಕ್ಷರವನ್ನು ನೋಡಿ ಕೊರೆದಿರಬೇಕು. ಮೂರನೆಯದು ಸ್ವಲ್ಪ ವಾಲಿತ್ತು. ಬ್ರಾಂಚ್.

ಅಪ್ಪ ಚರಗಿಯನ್ನು ಬೆಳಕಿಗೆ ಹಿಡಿದು ಕೂಡಿಸಿ ಓದಿದ. ಕೆಳಗಿಟ್ಟ. ಅಂದಿನಿಂದ ಅವ್ವ ಅಪ್ಪನ ಊಟದ ಗಂಗಾಳದ ಪಕ್ಕಕ್ಕೆ ಅದೇ ಚರಗಿಯಲ್ಲಿ ನೀರಿಡುತ್ತಾಳೆ, ಅಕ್ಷರಗಳನ್ನು ಅವನ ಕಡೆ ತಿರುಗಿಸಿ.

"ಬ್ಯಾರೆ ಚರಗಿ ಇಲ್ಲೇನು ಮನ್ಯಾಗ?" ಎಂದು ಅವನು ಒಮ್ಮೆ ಕೇಳಿದ. ಬಾಂಡೆ ಅಂಗಡಿಯ ಸಾಹುಕಾರ ಕೇಳುವ ಪ್ರಶ್ನೆಯೇ ಅದು?

"ಇದಾ ಛಲೋ ಐತ್ರಿ," ಎಂದಳು ಅವ್ವ. "ನಮ್ಮದ ಅಲ್ಲೇನ್ರಿ?"

ಮೂವತ್ತು ವರ್ಷದ ಸಂಸಾರದಲ್ಲಿ ಅಪ್ಪನಿಗೆ ಎದುರು ಮಾತಾಡದವಳು ಅವ್ವ. ಇದೂ ಎದುರು ಮಾತಲ್ಲ ಎಂದೇ ಅವಳ ವಾದ.

ನನ್ನನ್ನು ಕಾಡುವುದು ಒಂದು ಸಣ್ಣ ಚಿತ್ರ. ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಸ ಗಂಗಾಳಗಳ ನಡುವಿನ ಹುಲ್ಲು ತೆಗೆಯುತ್ತಿದ್ದಾನೆ. ನಾನು ಮೇಲಿನ ಮೆಟ್ಟಿಲಲ್ಲಿದ್ದೇನೆ. ತಲೆ ಎತ್ತದೆ ಕೇಳುತ್ತಾನೆ: "ಬ್ರಾಂಚ್ ಅಂದ್ರ ಮಾಲಕಿ ಹಕ್ಕು ಯಾರದವಾ?" ನಾನು ಹೇಳುತ್ತೇನೆ: "ಹೆಡ್ ಆಫೀಸಿನವರದಪ್ಪಾ." ಅವನು "ಹ್ಞೂಂ" ಎನ್ನುತ್ತಾನೆ. ಇಷ್ಟೇ. ಹುಲ್ಲಿನ ವಾಸನೆ, ಅವನ ಟೊಪ್ಪಿಗೆಯ ಮೇಲೆ ಕೂತ ಧೂಳು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಇದು ಯಾವಾಗಿನದು? ಬಾಗೇವಾಡಿಯವರು ಕೂಗಾಡಿ ಹೋದ ಮೇಲೆ ಕೇಳಿದ್ದಾದರೆ, ಅಪ್ಪ ಪತ್ರ ಬರೆಸಿದಾಗ ಅರಿಯದವನಾಗಿದ್ದ, ಅರಿತ ಮೇಲೆ ಲಾಭ ಕಂಡು ಸುಮ್ಮನಾದ. ಪತ್ರಕ್ಕಿಂತ ಮೊದಲು ಕೇಳಿದ್ದಾದರೆ, ಎಲ್ಲ ತಿಳಿದೇ ಬರೆಸಿದ. ಆಗ ನಾನೂ ತಿಳಿದೇ ಬರೆದೆ. ಸೊಗಸಿನ ಹುಚ್ಚು, ಕುಂಟು ವಾಕ್ಯ, ಕಳೆದುಹೋದ ಕರಡು, ಎಲ್ಲವೂ ನಾನೇ ನನಗೆ ಹೇಳಿಕೊಂಡ ಕಥೆ. ಅತ್ತಿಗೆ ಟೊಂಗಿ ಎಂದು ಹೇಳಿದಾಗ ಎರಡನೆಯ ಅರ್ಥ ನನ್ನ ನಾಲಿಗೆಯ ತುದಿಯಲ್ಲೇ ಇತ್ತು ಎಂದಾಯಿತು.

ದಿನಚರಿಯ ಪುಟಪುಟವನ್ನೂ ಹುಡುಕಿದ್ದೇನೆ. ಅದರಲ್ಲಿ ಮೆಟ್ಟಿಲಿಲ್ಲ, ಹುಲ್ಲಿಲ್ಲ. ಹಾಗಾಗಿ ಕಳೆದ ಸಲ ಕಾಲೇಜಿನ ಸೂಟಿಗೆ ಊರಿಗೆ ಹೋದಾಗ, ಅಪ್ಪ ಊಟಕ್ಕೆ ಕೂತಿದ್ದಾಗ, ಎದುರಿಗೆ ಕೂತು ಕೇಳಿಯೇಬಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಚರಗಿ ಎತ್ತಿ, ತುಟಿಗೆ ತಾಗಿಸದೆ ಮೇಲಿಂದ ನೀರು ಸುರಿದುಕೊಂಡು ಕುಡಿದ, ಕೆಳಗಿಟ್ಟ, ಅಕ್ಷರಗಳನ್ನು ನನ್ನ ಕಡೆ ತಿರುಗಿಸಿದ. ಕೈ ತೊಳೆದು ಅಂಗಡಿಗೆ ಹೋದ. ಅದರ ನಂತರ ಎರಡು ಪತ್ರಗಳಲ್ಲಿಯೂ ಅದನ್ನೇ ಬರೆದು ಕೇಳಿದ್ದೇನೆ, ಕನ್ನಡದಲ್ಲಿ, ಎರಡರ್ಥಕ್ಕೆ ಎಡೆಯಿಲ್ಲದಂತೆ. ಅವನ ಉತ್ತರಗಳಲ್ಲಿ ಊರಿನ ಸುದ್ದಿಯೆಲ್ಲ ಇರುತ್ತದೆ, ಇದೊಂದು ಇರುವುದಿಲ್ಲ.

"ಅಪ್ಪಾ, ಬ್ರಾಂಚ್ ಅಂದ್ರ ಮಾಲಕಿ ಹಕ್ಕು ಯಾರದು ಅಂತ ನೀ ನನ್ನ ಕೇಳಿದ್ದು, ಪತ್ರ ಬರಿಯೂಕಿಂತ ಮೊದಲೋ, ಆಮ್ಯಾಲೋ?"